ಬೇಸಿಗೆಗೆ ಬಿಚ್ಚಿಟ್ಟ ಆಕ್ಸಲ್

ಆಗದು ಎಂದವರು ನನ್ನ ಮಾಮ, ಅವ್ವನ ಒಡಹುಟ್ಟಿದ ಅಣ್ಣ. ತಮಿಳುನಾಡಿನ ತೇವಾರಂ ಹತ್ತಿರದ ನಮ್ಮ ಊರಲ್ಲಿ ರಸ್ತೆ ಬದಿಗೆ ಅವರ ಜೀಪು ಶೆಡ್ಡು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಟೀ ಲೋಟ ಕೆಳಗಿಡದೆಯೇ ಹೇಳಿದರು:

"ನಮ್ಮ ಕುಲದಲ್ಲಿ ಗಂಡುಮಕ್ಕಳೇ ಹತ್ತನೇ ಕ್ಲಾಸು ದಾಟಿಲ್ಲ. ಈ ಪುಳ್ಳೆ ಇಂಜಿನಿಯರಾಗಿ ಬಂದು ನನ್ನ ವಂಡಿಗೆ ಆಕ್ಸಲ್ ಆರಿಸ್ತಾಳಂತೆ. ಹ್ಯಾಟೆ ಕೋಳಿ ಕೂಗಿದ್ರೆ ಹೊತ್ತು ಮೂಡ್ತದಾ?"

ಸುತ್ತ ನಿಂತಿದ್ದ ಡ್ರೈವರುಗಳು ನಕ್ಕರು. ಡಿಪ್ಲೊಮಾ ಮುಗಿಸಿದ್ದೆ, ದಿಂಡಿಗಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೀಟು ಸಿಕ್ಕಿತ್ತು. ಅದನ್ನು ಹೇಳಲೆಂದೇ ಸಿಹಿ ಹಿಡಿದು ಹೋಗಿದ್ದೆ. ಸಿಹಿಯನ್ನು ಮಾತ್ರ ಎಲ್ಲರೂ ತಿಂದರು.

ನಾನು ಪದವೀಧರೆ. ಹೀಗೆ ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪನ ಕಡೆ, ಅವ್ವನ ಕಡೆ, ಎಷ್ಟು ಹಿಂದಕ್ಕೆ ಹೋದರೂ ನನಗಿಂತ ಮೊದಲು ಡಿಗ್ರಿ ಪಡೆದವರು ಒಬ್ಬರೂ ಸಿಗುವುದಿಲ್ಲ. ಮನೆಯೊಳಗೆ ನಾವು ಕನ್ನಡ ಆಡುವವರು, ಹೊಸ್ತಿಲು ದಾಟಿದರೆ ತಮಿಳು; ಗಾಡಿಗೆ ವಂಡಿ, ಹುಡುಗಿಗೆ ಪುಳ್ಳೆ ಎನ್ನುವುದು ಅಲ್ಲಿಂದ ಬಂದದ್ದು. ನಾನು ಓದಿದ್ದು ತಮಿಳಿನಲ್ಲಿ, ಆಮೇಲೆ ತಡವರಿಸುತ್ತ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಇತ್ತೀಚೆಗೆ, ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಪಕ್ಕದ ಮನೆಯ ಮಗುವಿನ ಒಂದನೇ ತರಗತಿಯ ಪುಸ್ತಕ ಇಸಿದುಕೊಂಡು. ಅವ್ವನ ಮಾತನ್ನು ಅವ್ವನ ಭಾಷೆಯಲ್ಲೇ ಬರೆಯಬೇಕೆಂಬ ಹಟ ಇತ್ತು, ಅಷ್ಟೇ.

ನಮ್ಮ ಕಡೆ ಜೀಪೆಂದರೆ ಮೋಜಿನ ಗಾಡಿಯಲ್ಲ. ಬೆಳಕು ಹರಿಯುವ ಮೊದಲು ಹೆಂಗಸರನ್ನು ತುಂಬಿಕೊಂಡು ಬೋಡಿ ಘಟ್ಟ ಹತ್ತಿ, ಕೇರಳದ ಏಲಕ್ಕಿ ಎಸ್ಟೇಟುಗಳಲ್ಲಿ ಇಳಿಸಿ, ಸಂಜೆ ವಾಪಸು ತರುವ ಗಾಡಿ. ಅವ್ವ ನಾನು ಹುಟ್ಟುವ ಮೊದಲಿನಿಂದಲೂ ಹಾಗೆ ಹೋಗಿ ಬಂದವಳು. ಘಟ್ಟದ ರಸ್ತೆಗೇನೋ ಡಾಂಬರಿದೆ. ಎಸ್ಟೇಟಿನೊಳಗೆ ಇರುವುದು ಬಂಡೆ, ಕೆಸರು, ಒರತೆ ನೀರು. ಅಲ್ಲಿ ಹಿಂದಿನ ಚಕ್ರಗಳು ನೂಕಿದರೆ ಸಾಲದು, ಮುಂದಿನ ಚಕ್ರಗಳೂ ಎಳೆಯಬೇಕು. ಇಂಜಿನ್ನಿನ ಬಲವನ್ನು ಅವಕ್ಕೆ ಮುಟ್ಟಿಸುವುದು ಮುಂದಿನ ಆಕ್ಸಲ್. ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಸರಳು, ಅದರ ತುದಿಗೆ ಗೆಣ್ಣಿನಂಥ ಒಂದು ಜಾಯಿಂಟು. ಚಕ್ರ ಎತ್ತ ತಿರುಗಲಿ, ಏರಲಿ, ಇಳಿಯಲಿ, ಬಲ ಮಾತ್ರ ಕಡಿಯದಂತೆ ನೋಡಿಕೊಳ್ಳುವುದು ಆ ಗೆಣ್ಣು. ಹಳೆಯ ಜೀಪುಗಳಲ್ಲಿ ಅದು ಬರೀ ಶಿಲುಬೆಯಾಕಾರದ ಒಂದು ಉಕ್ಕಿನ ತುಂಡು, ಕ್ರಾಸು. ಹೊಸ ಗಾಡಿಗಳಲ್ಲಿ ಒಳಗೆ ಗುಂಡುಗಳಿರುವ, ಮೇಲೆ ರಬ್ಬರಿನ ಬೂಟು ತೊಟ್ಟ ಸಿವಿ ಜಾಯಿಂಟು.

ಮಳೆಗಾಲ ಮುಗಿದರೆ ಎಸ್ಟೇಟಿನ ದಾರಿ ಗಟ್ಟಿಯಾಗುತ್ತದೆ, ಮುಂದಿನ ಚಕ್ರ ಎಳೆಯುವ ಅಗತ್ಯ ಬೀಳುವುದಿಲ್ಲ. ಆಗ ಆಕ್ಸಲ್ ಸುಮ್ಮನೆ ತಿರುಗುತ್ತ ಡೀಸೆಲ್ ತಿನ್ನುತ್ತದೆ ಎಂಬುದು ನಮ್ಮವರ ನಂಬಿಕೆ. ಅದಕ್ಕೇ ಮಾಟ್ಟು ಪೊಂಗಲ್, ಅಂದರೆ ದನದ ಹಬ್ಬ, ಮುಗಿದ ಮಾರನೇ ದಿನ ಶೆಡ್ಡಿನಲ್ಲಿ ಎಲ್ಲ ಜೀಪುಗಳ ಮುಂದಿನ ಸರಳುಗಳನ್ನೂ ಎಳೆದು ತೆಗೆಯುತ್ತಾರೆ. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಬಳಿದು, ಗೋಣಿ ಸುತ್ತಿ, ಮೇಲೊಂದು ಗಂಧದ ಬೊಟ್ಟಿಟ್ಟು ಗೋಡೆಗೆ ನೇತುಹಾಕುತ್ತಾರೆ. ಚಕ್ರದ ನಡುವೆ ಉಳಿದ ತೂತಿಗೆ ತಗಡು. "ಎತ್ತಿಗೆ ಬಿಡುವು ಕೊಡ್ತೀವಲ್ಲ, ಇದಕ್ಕೂ ಕೊಡಬೇಕು" ಎನ್ನುತ್ತಾರೆ. ದನವನ್ನು ದೇವರೆಂದು ಕಟ್ಟುವ ಜನ ನಾವು. ಎತ್ತು ಹೋಗಿ ಜೀಪು ಬಂದರೂ ಆ ಮರ್ಯಾದೆ ಉಳಿದುಕೊಂಡಿತು. ಹಳೆಯ ಜೀಪಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಅದರ ಚಕ್ರ ನಿಲ್ಲುವುದು ಬೇರೆಯೇ ಒಂದು ಕೊಳವೆಯ ಮೇಲೆ. ಆಕ್ಸಲ್ ಇದ್ದರೇನು, ಇಲ್ಲದಿದ್ದರೇನು.

ದಿಂಡಿಗಲ್ಲಿನಲ್ಲಿ ಹಗಲು ಕಾಲೇಜು, ಸಂಜೆ ಗಾಡಿ ಸಾಮಾನಿನ ಒಂದು ಅಂಗಡಿ. ನನ್ನ ನಿಜವಾದ ಓದು ಆ ಅಂಗಡಿಯಲ್ಲೇ ಆಯಿತು. ಕೊಡೈಕನಾಲಿನ ಕಾಡುದಾರಿಗಳಲ್ಲಿ ರಜೆಯ ಮೋಜಿಗೆ ಗಾಡಿ ಓಡಿಸುವವರು ಬರುತ್ತಿದ್ದರು. ಎದೆಯೆತ್ತರದ ಚಕ್ರ, ಮೇಲೆ ಸಾಲುದೀಪ. ಕೌಂಟರಿನ ಹಿಂದೆ ನನ್ನನ್ನು ನೋಡಿದ ಕೂಡಲೇ ಅವರ ಕಣ್ಣು ನನ್ನ ಹಿಂದಕ್ಕೆ ಹೋಗುತ್ತಿತ್ತು.

"ಗಂಡಸರು ಯಾರೂ ಇಲ್ಲವೇನಮ್ಮಾ?"

"ಊಟಕ್ಕೆ ಹೋಗಿದ್ದಾರೆ ಸಾರ್. ಏನು ಮುರಿದಿದೆ, ತೋರಿಸಿ."

ಮುರಿದ ಸರಳನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹಾಕುತ್ತಿದ್ದರು. ನಾನು ಅದನ್ನು ತಿರುಗಿಸಿ ನೋಡುತ್ತಿದ್ದೆ. ತುದಿಯ ಹಲ್ಲುಗಳು ಕಬ್ಬಿನ ಸಿಪ್ಪೆಯಂತೆ ತಿರುಚಿಕೊಂಡಿದ್ದರೆ ಚಕ್ರ ಬಂಡೆಗೆ ಸಿಕ್ಕಿಕೊಂಡಾಗ ಒತ್ತಿದ್ದಾರೆ ಎಂದರ್ಥ. ಜಾಯಿಂಟಿನ ಒಳಗಿನ ಬಳೆ ಒಡೆದಿದ್ದರೆ ಸ್ಟೀರಿಂಗ್ ಪೂರಾ ತಿರುಗಿಸಿಕೊಂಡು ಏರಿಸಿದ್ದಾರೆ. ಗುಂಡುಗಳು ತುಕ್ಕು ಹಿಡಿದು ಸವೆದಿದ್ದರೆ ಮುರಿದದ್ದು ಉಕ್ಕಲ್ಲ. ಯಾವುದೋ ಮುಳ್ಳಿಗೆ ರಬ್ಬರ್ ಬೂಟು ಹರಿದು, ಅದನ್ನು ಯಾರೂ ನೋಡದೆ, ಒಳಗೆ ಮಣ್ಣು ಹೋಗಿ ಆದ ಕೆಲಸ ಅದು. ಇಷ್ಟನ್ನೂ ಹೇಳಿದರೆ ಕೇಳಿಸಿಕೊಂಡು, ಕೊನೆಗೆ ಎಲ್ಲರದೂ ಒಂದೇ ಮಾತು: "ಇರೋದರಲ್ಲೇ ದಪ್ಪದ್ದು ಕೊಡು."

ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಳಿದವರು ಊರಿನ ವರ್ಕ್‌ಶಾಪುಗಳಲ್ಲಿ ಮಾಡಿಸಿದ ಆಟಿಕೆಗಳನ್ನು ತಂದಿಟ್ಟರು. ನಾನು ಮಾಮನ ಜೀಪು ಕೇಳಿದೆ. ಅವರು ಆ ವರ್ಷ ಹೊಸ ತರದ ಗಾಡಿ ತಂದಿದ್ದರು. ಮಳೆಗಾಲದ ಶುರುವಿನಲ್ಲೇ ಅದರ ಮುಂದಿನ ಜಾಯಿಂಟುಗಳು ಮೇಲಿಂದ ಮೇಲೆ ಹೋಗುತ್ತಿದ್ದವು. ಎಸ್ಟೇಟಿನ ದಾರಿಯಲ್ಲಿ ಜೀಪು ನಿಂತರೆ ಹೆಂಗಸರು ಜಿಗಣೆ ಕಾಡಿನಲ್ಲಿ ನಡೆದೇ ಇಳಿಯಬೇಕು. ಆ ಹೆಂಗಸರಲ್ಲಿ ಅವ್ವನೂ ಒಬ್ಬಳು. ಆ ಗಾಡಿಗೆ ತಕ್ಕ ಆಕ್ಸಲ್, ತಕ್ಕ ಜಾಯಿಂಟು ಆರಿಸಿ, ಕೂರಿಸಿ, ಒಂದು ಮಳೆಗಾಲ ಓಡಿಸಿ ತೋರಿಸುವುದು ನನ್ನ ಪ್ರಾಜೆಕ್ಟು. ಮಾಮ ಒಪ್ಪಿದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ. ತಂಗಿ ಬಾಯಿಬಿಟ್ಟು ಕೇಳಿದಳು ಎಂದು.

"ಯಾವುದು ದಪ್ಪ? ಅದ ಹಾಕು" ಎಂದರು.

"ದಪ್ಪ ಹಾಕಿದ್ರೆ ಮುರಿಯೋದು ನಿಲ್ಲಾಕಿಲ್ಲ ಮಾಮ. ಮುರಿಯೋ ಜಾಗ ಬದಲಾಗ್ತದೆ. ಆಕ್ಸಲ್ ತಡಕೊಂಡ್ರೆ ಒಳಗಡೆ ದೊಡ್ಡ ಹಲ್ಲುಗಾಲಿ, ಆ ಕ್ರೌನಿನ ಹಲ್ಲು ಹೋಗ್ತದೆ. ಆಕ್ಸಲ್ ಆದ್ರೆ ದಾರೀಲೇ ಬದಲಾಯಿಸಬೋದು. ಕ್ರೌನ್ ಹೋದ್ರೆ ವಂಡೀನ ಎಳಕೊಂಡೇ ಬರಬೇಕು."

"ಅಂದ್ರೆ ಮುರಿಯೋದನ್ನೇ ಆರಿಸ್ತಾ ಇದ್ದೀಯ ಅನ್ನು."

"ಎಲ್ಲಿ ಮುರೀಬೇಕು ಅನ್ನೋದ ಆರಿಸ್ತಾ ಇದ್ದೀನಿ."

"ಕೇಳಿದ್ರೇನಪ್ಪ, ಮುರಿಯಾಕೆ ಜಾಗ ಹುಡುಕಾಕೆ ಕಾಲೇಜು ಬೇಕಂತೆ" ಎಂದರು ಡ್ರೈವರುಗಳ ಕಡೆ ತಿರುಗಿ. ಅವರು ನಗಬೇಕಾಗಿತ್ತು, ನಕ್ಕರು.

ಪಂದ್ಯಗಳಿಗೆಂದು ಬರುವ ಎಲ್ಲಕ್ಕಿಂತ ದಪ್ಪದ ಸರಳನ್ನು ನಾನು ಬೇಡವೆಂದೆ. ಹೊಸ ಗಾಡಿಯ ಮುಂಭಾಗವನ್ನೇ ಕಿತ್ತು ಹಳೆಯ ಜೀಪಿನ ಗಟ್ಟಿ ಆಕ್ಸಲ್ ಕೂರಿಸೋಣ ಎಂದು ಒಬ್ಬ ಡ್ರೈವರು ಹೇಳಿದ. ಅದನ್ನೂ ಬೇಡವೆಂದೆ. ಕ್ರಾಸು ತಿರುವಿನಲ್ಲಿ ಒಂದೇ ಸಮ ತಿರುಗುವುದಿಲ್ಲ, ಎಳೆದೆಳೆದು ಬಿಡುತ್ತದೆ, ಸ್ಟೀರಿಂಗ್ ಕೈಗೆ ಒದೆಯುತ್ತದೆ. ಕಂಪನಿಯದಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಸರಳು, ಸ್ವಲ್ಪ ದೊಡ್ಡ ಗುಂಡಿನ ಜಾಯಿಂಟು, ಎಲ್ಲಕ್ಕಿಂತ ಮುಖ್ಯವಾಗಿ ಮುಳ್ಳಿಗೆ ಹರಿಯದ ದಪ್ಪ ಬೂಟು, ಇವನ್ನು ಆರಿಸಿದೆ. ನೋಡಲು ಗಂಭೀರವಾಗಿರಲೆಂದು ಡ್ರೈವರು ಗಾಡಿಯ ಮುಂಭಾಗವನ್ನು ಎತ್ತರಿಸಿದ್ದ. ಅದರಿಂದ ಜಾಯಿಂಟು ಸದಾ ಬಗ್ಗಿಕೊಂಡೇ ಓಡುತ್ತಿತ್ತು. ಅದನ್ನು ಇಳಿಸಿದೆ. ಗಾಡಿಯ ಗಂಡಸುತನ ಹೋಯಿತು ಎಂದು ಅವನು ವಾರವೆಲ್ಲ ಗೊಣಗಿದ.

ಸರಳಿನ ತುದಿಯ ದೊಡ್ಡ ನಟ್ಟು ಬಿಗಿಯುವಾಗ ಮಾಮನನ್ನು ಹತ್ತಿರ ಕರೆದು ತೋರಿಸಿದೆ.

"ಮಾಮ, ಈ ವಂಡಿಗೆ ಮಾತ್ರ ಬೇಸಿಗೇಲಿ ಆಕ್ಸಲ್ ಬಿಚ್ಚಬೇಡಿ. ಹಳೇ ಜೀಪಿನಂಗಲ್ಲ ಇದು. ಚಕ್ರದ ಬೇರಿಂಗನ್ನ ಎರಡು ಕಡೆಯಿಂದ ಅದುಮಿ ಹಿಡಿದಿರೋದೇ ಈ ತುದಿ, ಈ ನಟ್ಟು. ಇದ ತೆಗೆದ್ರೆ ಬೇರಿಂಗ್ ಬಾಯಿ ಬಿಡ್ತದೆ."

"ಸರಿ ಸರಿ. ಎತ್ತಿಗೆ ರಜಾ ಕೊಡಬ್ಯಾಡ ಅಂತ ದನದ ಡಾಕ್ಟರೂ ಹೇಳಿಲ್ಲ, ನೀ ಹೇಳು."

ಆ ಮಳೆಗಾಲ ಆ ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಉಳಿದ ಜೀಪುಗಳ ಹೆಂಗಸರು ಅದಕ್ಕೇ ಹತ್ತಲು ನೂಕಾಡುತ್ತಿದ್ದರೆಂದು ಅವ್ವ ಫೋನಿನಲ್ಲಿ ಹೇಳಿದಳು. ಬೋಡಿಯ ಜೀಪು ಸ್ಟ್ಯಾಂಡಿನಲ್ಲಿ ಮಾಮನೂ ಹೇಳುತ್ತಿದ್ದರಂತೆ: "ಜಾಯಿಂಟ್ ಆರಿಸೋದು ಒಂದು ಕಣ್ಣಳತೆ ಕಣಯ್ಯ. ನಾನೇ ನಿಂತು ಹಾಕಿಸಿದ್ದು." ಗಾಡಿ ಓಡುತ್ತಿದೆಯಲ್ಲ, ಕೊನೆಯ ಪರೀಕ್ಷೆಯಲ್ಲಿ ನಾನು ತೋರಿಸಬೇಕಾದದ್ದು ಅದನ್ನೇ ತಾನೆ, ಎಂದುಕೊಂಡೆ.

ಪೊಂಗಲ್ ಕಳೆದು ಬಿಸಿಲು ಏರತೊಡಗಿದ ದಿನಗಳು. ಅಂಗಡಿಯಲ್ಲಿದ್ದೆ. ಆ ಗಾಡಿಯ ಡ್ರೈವರಿನ ಫೋನು ಬಂತು.

"ಅಕ್ಕ, ನೀ ಹಾಕಿದ ಜಾಯಿಂಟು ಕೈ ಕೊಡ್ತು. ಘಟ್ಟ ಇಳಿಯುವಾಗ ಮುಂದಿನ ಚಕ್ರ ವಾಲಿಬಿಡ್ತು. ವಂಡೀನ ಗುಡ್ಡಕ್ಕೆ ಒತ್ತಿ ನಿಲ್ಲಿಸಿದೆ. ಯಾರಿಗೂ ಜೀವಕ್ಕೆ ಏನಿಲ್ಲ. ಅವ್ವಂಗೆ ಮಾತ್ರ ಕೈ ಮುರೀತು."

ತೇನಿಗೆ ಬಸ್ಸು ಹತ್ತಿದೆ. ಕಿಟಕಿಯಾಚೆ ಏನು ಬಂತು ಏನು ಹೋಯಿತು ತಿಳಿಯದು. ತಲೆಯಲ್ಲಿ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡುತ್ತಿದ್ದೆ. ಹೆಂಗಸರ ತೂಕ ಕಡಿಮೆ ಹಿಡಿದೆನೋ, ಬಗ್ಗುವ ಕೋನ ತಪ್ಪಿತೋ, ಅಗ್ಗದ ಉಕ್ಕು ಬಂತೋ. ನಾನು ಆರಿಸಿದ ಗೆಣ್ಣು ನನ್ನ ಅವ್ವನ ಕೈ ಮುರಿಯಿತು ಎಂದು ಪೂರ್ತಿ ನಂಬಿದ್ದೆ. ನಮ್ಮಂಥವರಿಗೆ ನಮ್ಮ ಮೇಲೆ ಬಂದ ದೂರನ್ನು ನಂಬುವುದು ಬಹಳ ಸುಲಭ.

ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಅವ್ವ ಬಲಗೈಗೆ ಪ್ಲಾಸ್ಟರಿನ ಕಟ್ಟು ಹಾಕಿಸಿಕೊಂಡು ಕೂತಿದ್ದಳು.

"ಅಳಬ್ಯಾಡ. ಅನ್ನ ಕಲಸಾಕೆ ಎಡಗೈ ಐತೆ."

"ಹೆಂಗಾಯ್ತವ್ವ?"

"ಹೆಂಗಾಯ್ತು? ನಾಲ್ಕು ದಿನದಿಂದ ಚಕ್ರದೊಳಗೆ ಗುರ್ ಅಂತಿತ್ತು. ಸದ್ದು ಬರ್ತದೆ ನೋಡಪ್ಪ ಅಂದ್ರೆ ಆ ಡ್ರೈವರ ರೇಡಿಯೋ ಪಾಟು ಜೋರು ಮಾಡಿದ, ಸದ್ದು ಕೇಳ್ದಂಗೆ. ಆಕ್ಸಲ್ ಇಲ್ದಿದ್ರೆ ವಂಡಿ ಹಗುರ ಓಡ್ತದೆ ಅಂತ ನಿಮ್ಮ ಮಾಮ ಅಂದಿದ್ದ. ಎಲ್ಲಿ ಹಗುರ."

"ಏನು ಇಲ್ದಿದ್ರೆ?"

"ಆಕ್ಸಲ್ಲು. ಹಬ್ಬ ಆದ ಮಾರನೇ ದಿನ ಎಲ್ಲಾ ವಂಡೀದೂ ಬಿಚ್ಚಿದ್ರಲ್ಲ. ಸುತ್ತಾಕೆ ಹಿಂಡಿ ಚೀಲ ಕೊಟ್ಟವಳು ನಾನೇ." ನನ್ನ ಮುಖ ನೋಡಿ ನಿಲ್ಲಿಸಿದಳು. "ಯಾಕೆ? ಬಿಚ್ಚಬಾರದಿತ್ತಾ?"

ಎಸ್ಟೇಟಿನ ಕೆಲಸದಲ್ಲಿದ್ದ ಅವ್ವ ನಾನು ಮಾಮನಿಗೆ ಹೇಳಿದ ಎಚ್ಚರಿಕೆಯನ್ನು ಕೇಳಿರಲಿಲ್ಲ. ಜಾಯಿಂಟು ಮುರಿಯಲು ಅದು ಗಾಡಿಯಲ್ಲೇ ಇರಲಿಲ್ಲ. ಗೋಡೆಯ ಮೇಲೆ, ಅವ್ವನ ಹಸುವಿನ ಹಿಂಡಿ ಚೀಲದೊಳಗೆ, ಬಿಡುವು ತೆಗೆದುಕೊಳ್ಳುತ್ತಿತ್ತು. ನಗಬೇಕೆನ್ನಿಸಿತು. ಅವ್ವನ ಕೈ ನೋಡಿ ನಗು ಬರಲಿಲ್ಲ.

ಅಷ್ಟರಲ್ಲಿ ಮಾಮ ಕಾಲೇಜಿಗೆ ಫೋನು ಮಾಡಿ ಆಗಿತ್ತು. ನಮ್ಮ ಜೀಪಿನ ಮೇಲೆ ಪ್ರಯೋಗ ಮಾಡಿ ನಮ್ಮ ಹೆಂಗಸರನ್ನು ಕೊಲ್ಲಲು ಹೊರಟಿದ್ದೀರಿ ಎಂದು ಬೈದರಂತೆ. ನನ್ನ ಪ್ರಾಜೆಕ್ಟಿನ ಮೇಷ್ಟರು ಮಧುರೆಯ ಕಡೆಯ ತಮಿಳರು, ಕೆಟ್ಟವರಲ್ಲ, ಹೆದರುವವರು. "ಇದನ್ನು ಹಿಂದಕ್ಕೆ ತಗೋಮ್ಮ. ಮುಂದಿನ ವರ್ಷ ಬೇರೆ ಏನಾದರೂ ಮಾಡಿ ಪಾಸಾಗು" ಎಂದರು.

ಮುಂದಿನ ವರ್ಷ! ಅವರ ಮನೆಯಲ್ಲಿ ಮುಂದಿನ ವರ್ಷ ಎಂದರೆ ಇನ್ನೊಂದು ವರ್ಷ. ನಮ್ಮ ಮನೆಗಳಲ್ಲಿ ಮುಂದಿನ ವರ್ಷ ಎಂದರೆ ಮದುವೆ. ಹುಡುಗಿಯ ಓದು ಒಮ್ಮೆ ನಿಂತರೆ ಮತ್ತೆ ಹೊರಟದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಈ ಪ್ರಾಜೆಕ್ಟು ಹೋದರೆ ಡಿಗ್ರಿಯೂ ಹೋದಂತೆ ಎಂಬುದು ನನಗೆ ಗೊತ್ತಿತ್ತು, ಮಾಮನಿಗೂ ಗೊತ್ತಿತ್ತು.

ಒಮ್ಮೆ ಬಂದು ಕಣ್ಣಾರೆ ನೋಡಿ ಸಾರ್ ಎಂದು ಅಂಗಲಾಚಿದೆ. ಒಪ್ಪಿದರು. ಆದರೆ ಒಂದು ಮಾತು ಹೇಳಿದರು: "ಗಾಡಿ ವಾಲುವ ಮೊದಲೇ ಬಿಚ್ಚಿದ್ದರು ಎಂದು ಹೇಳಲು ಒಬ್ಬರಾದರೂ ಬೇಕು. ಗೋಡೆಗೆ ನೇತುಹಾಕಿದ ಆಕ್ಸಲ್ಲಿಗೆ ಬಾಯಿಲ್ಲ."

ಡ್ರೈವರನ್ನು ಕೇಳಿದೆ. ನೆಲ ನೋಡಿದ. "ಅಕ್ಕ, ನಾಳೆ ಬೆಳಗ್ಗೆ ನಾನು ಸ್ಟಾರ್ಟ್ ಮಾಡಬೇಕಾದ್ದು ಅವರ ವಂಡೀನೇ." ಓಡೈಪಟ್ಟಿಯ ದ್ರಾಕ್ಷಿ ತೋಟದಲ್ಲಿ ಕೊಂಬೆ ಸವರುವ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ, ಕತ್ತರಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತ, "ಅಣ್ಣ ತಂಗಿ ನಡುವೆ ಬಾಯಿ ಹಾಕಿದ ಅಳಿಯನಿಗೆ ಆಮೇಲೆ ಬಾಯೇ ಇರಾಕಿಲ್ಲ" ಎಂದು ಬಸ್ಸಿಗೆ ಹೊರಟ. ಅವನು ಹಬ್ಬದ ಮಾರನೇ ದಿನ ಊರಲ್ಲೇ ಇರಲಿಲ್ಲ, ಇದ್ದಿದ್ದರೂ ಅದೇ ಹೇಳುತ್ತಿದ್ದ.

ಉಳಿದವಳು ಅವ್ವ. ಮಧ್ಯಾಹ್ನ ಹಿತ್ತಲಲ್ಲಿ ಎಡಗೈಯಲ್ಲಿ ಹಸುವಿಗೆ ಹುಲ್ಲು ಎಳೆದು ಹಾಕುತ್ತಿದ್ದಳು. ಕೇಳಿದೆ.

ಅವಳು ತಿರುಗಿ ನೋಡಲಿಲ್ಲ. "ನೀ ಹುಟ್ಟಿದಾಗ ತೊಟ್ಟಿಲು ಹೊತ್ತು ತಂದವನು ಅವನು. ಅವನ ಶೆಡ್ಡಿನಾಗೆ ನಿಂತು ಅವನ ಮೇಲೆ ಸಾಕ್ಷಿ ಹೇಳು ಅಂತೀಯ."

"ಸಾಕ್ಷಿ ಅಲ್ಲವ್ವ. ಕಂಡದ್ದ ಹೇಳು."

"ಕಂಡದ್ದ ಹೇಳೋದಕ್ಕೇ ಸಾಕ್ಷಿ ಅನ್ನೋದು."

"ಹಂಗಾದ್ರೆ ನಾನು ಓದಿದ್ದು ಹೋಗ್ಲಾ?"

"ನಾನು ಹೋಗ್ಲಿ ಅಂದ್ನಾ? ಅವನೂ ಬೇಕು ಅಂದೆ. ಎರಡೂ ಬೇಕು ಅನ್ನಾಕೆ ಒಂದು ಹೆಂಗಸಿಗೆ ಬಾಯಿ ಇರಬಾರದಾ?"

ಅವ್ವ ಹುಲ್ಲು ಹಾಕುವುದನ್ನು ಮುಗಿಸಿ, ಎಡಗೈಯಲ್ಲೇ ಹಸುವಿನ ಮುಂದೆ ನೀರಿನ ಬಕೆಟ್ಟು ಎಳೆದಿಟ್ಟಳು.

ಮೇಷ್ಟರು ಬೈಕಿನಲ್ಲಿ ಬಂದರು. ಮಾಮ ತಮ್ಮ ಕುರ್ಚಿಯನ್ನೇ ಕೊಟ್ಟು, ಪನ್ನೀರ್ ಸೋಡಾ ತರಿಸಿ, ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ನಾನು ಗೋಡೆಯಿಂದ ಆ ಗಾಡಿಯ ಎರಡೂ ಸರಳು ಇಳಿಸಿ ಚೀಲ ಬಿಚ್ಚಿದೆ. ಬೂಟು ಎಲ್ಲೂ ಹರಿದಿರಲಿಲ್ಲ. ಮೇಷ್ಟರು ಜಾಯಿಂಟನ್ನು ಕೈಯಲ್ಲಿ ಬಗ್ಗಿಸಿ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು.

"ಇದಕ್ಕೇನೂ ಆಗಿಲ್ಲವಲ್ಲ" ಎಂದರು.

"ವಂಡಿ ವಾಲಿದ ಮೇಲೆ ಬಿಚ್ಚಿ ತೊಳೆದು ಮಡಗಿದ್ವಿ ಸಾರ್" ಎಂದರು ಮಾಮ, ಕಣ್ಣು ಕೂಡ ಮಿಟುಕಿಸದೆ. "ಹೋಗಿದ್ದು ಜಾಯಿಂಟ್ ಅಲ್ಲ, ಬೇರಿಂಗು. ಯಾಕೆ ಹೋಯ್ತು? ಈ ಪುಳ್ಳೆ ನಟ್ಟು ಬಿಗೀಲಿಲ್ಲ. ಹೆಣ್ಣುಮಕ್ಕಳ ಕೈಗೆ ಅಷ್ಟು ಬಲ ಎಲ್ಲಿ ಬರಬೇಕು ಸಾರ್. ನಾನು ತಪ್ಪು ಅನ್ನಾಕಿಲ್ಲ."

ಡ್ರೈವರುಗಳು ಒಬ್ಬೊಬ್ಬರೂ ಒಂದೊಂದು ಕೆಲಸ ಹುಡುಕಿಕೊಂಡು ಬಗ್ಗಿದರು. ಮೇಷ್ಟರು ನನ್ನನ್ನು ನೋಡಿದರು. ನನಗೆ ಹೇಳಲು ಇದ್ದದ್ದೆಲ್ಲ ಅವರಿಗೆ ಹೇಳಿಯಾಗಿತ್ತು.

ಅವ್ವ ಶೆಡ್ಡಿನ ಬಾಗಿಲ ಬಳಿ ಕಟ್ಟು ಹಾಕಿದ ಕೈಯನ್ನು ಎದೆಗಾನಿಸಿ ನಿಂತಿದ್ದಳು. ನೀವು ಆ ಗಾಡಿಯಲ್ಲಿದ್ದಿರಾ ಅಮ್ಮಾ, ಎಂದು ಮೇಷ್ಟರು ತಮಿಳಿನಲ್ಲಿ ಕೇಳಿದರು. ಅವ್ವ ಮಾಮನ ಕಡೆ ತಿರುಗಿ ನಮ್ಮ ಮನೆ ಮಾತಿನಲ್ಲಿ ಹೇಳಿದಳು:

"ಅಣ್ಣ, ನೀನೇ ಹೇಳಿಬಿಡು. ನಾನು ಹೇಳೋ ಹಂಗೆ ಮಾಡಬ್ಯಾಡ."

"ಏನ ಹೇಳಾಕೈತೆ?"

"ಹೇಳಿಬಿಡಣ್ಣ."

ಮಾಮ ಸೋಡಾ ಬಾಟಲಿನ ಕಡೆ ನೋಡುತ್ತ, "ನಿನ್ನ ಮಗಳು ಕಲಿಸಿ ಕರಕೊಂಡು ಬಂದವಳೆ" ಎಂದರು.

ಅವ್ವ ಇನ್ನೂ ಕಾದಳು. ಆ ಕಾಯುವಿಕೆ ನನಗೆ ಸಹಿಸಲಾಗಲಿಲ್ಲ. ಬೇಡ ಬಿಡವ್ವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೇಷ್ಟರ ಕಡೆ ತಿರುಗಿ, ಸ್ಪಷ್ಟವಾದ ತಮಿಳಿನಲ್ಲಿ ಹೇಳಿ ಮುಗಿಸಿದಳು. ಹಬ್ಬದ ಮಾರನೇ ದಿನ ಬಿಚ್ಚಿದ್ದು. ಚೀಲ ಕೊಟ್ಟವಳು ನಾನು. ಚಕ್ರಕ್ಕೆ ತಗಡು ಹೊಡೆದದ್ದನ್ನು ನೋಡಿದವಳೂ ನಾನೇ. ಆಮೇಲೂ ಅದೇ ಗಾಡಿಯಲ್ಲಿ ದಿನಾ ಹೋಗಿ ಬಂದಿದ್ದೇನೆ. ನನ್ನ ಅಣ್ಣ ಬೇಕೆಂದು ಮಾಡಿದವನಲ್ಲ. ಎತ್ತಿಗೆ ಮಾಡಿದಂತೆ ಮಾಡಿದ, ಅಷ್ಟೇ.

ಆ ಕೊನೆಯ ಮಾತನ್ನು ಮಾಮ ಹಿಡಿದುಕೊಂಡಿದ್ದರೆ ಎಲ್ಲರೂ ಉಳಿಯುತ್ತಿದ್ದೆವು. ಗೊತ್ತಾಗಲಿಲ್ಲ, ಆಯ್ತು ಎಂದಿದ್ದರೆ ಸಾಕಿತ್ತು. ಮಾಮ ಒಂದು ಹೆಜ್ಜೆ ಮುಂದೆ ಬಂದರು.

"ಇವತ್ತಿಂದ ನನ್ನ ವಂಡಿ ಹತ್ತಬ್ಯಾಡ. ನನ್ನ ಮನೆ ಮೆಟ್ಟಲೂ ಹತ್ತಬ್ಯಾಡ."

ಮೇಷ್ಟರಿಗೆ ಕನ್ನಡ ಬಾರದು. ಆದರೂ ತಿಳಿಯಿತು. ಸೋಡಾ ಅರ್ಧಕ್ಕೇ ಬಿಟ್ಟು ಎದ್ದರು.

ಪ್ರಾಜೆಕ್ಟು ಉಳಿಯಿತು. ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನ ಚಿತ್ರಗಳನ್ನೆಲ್ಲ ತಿರುವಿ ನೋಡಿ ಮೊದಲು ಕೇಳಿದ ಪ್ರಶ್ನೆ, "ಇದನ್ನು ಯಾರ ಹತ್ತಿರ ಮಾಡಿಸಿದೆ?" ಎಂದು. ಆಟಿಕೆ ತಂದಿಟ್ಟವರಲ್ಲಿ ಯಾರನ್ನೂ ಹಾಗೆ ಕೇಳಲಿಲ್ಲ. ಆಕ್ಸಲ್ ಬಿಚ್ಚಿದರೆ ಬೇರಿಂಗ್ ಯಾಕೆ ಬಾಯಿ ಬಿಡುತ್ತದೆ ಎಂದು ಬರೆದು ತೋರಿಸಿದೆ. ಅಂಕ ಕೊಟ್ಟರು, ಒಳ್ಳೆಯ ಅಂಕವೇ ಕೊಟ್ಟರು. ನನಗೆ ಸಂತೋಷವಾಗಿದ್ದು ಸುಳ್ಳಲ್ಲ. ಆದರೆ ಆ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಮಾಮನ ಶೆಡ್ಡಿನಲ್ಲಿ ಈಗ ಹೊಸ ಗಾಡಿಗಳ ಆಕ್ಸಲ್ ಬಿಚ್ಚುವುದಿಲ್ಲ. ಬೇರೆ ಶೆಡ್ಡಿನವರಿಗೂ ಅವರೇ ತಿಳಿಹೇಳುತ್ತಾರಂತೆ: "ಬೇರಿಂಗ್ ಬಾಯಿ ಬಿಡ್ತದೆ ಕಣಯ್ಯ, ನಾನು ಕಂಡಿದ್ದೀನಿ." ನನ್ನ ಮಾತು ಅಕ್ಷರ ಬಿಡದೆ ಅವರ ಬಾಯಲ್ಲಿ ಊರೂರು ತಿರುಗುತ್ತಿದೆ. ನನ್ನ ಹೆಸರು ಮಾತ್ರ ಅದರ ಜೊತೆ ಹೋಗಿಲ್ಲ. ಜನ ಉಳಿಯುತ್ತಾರೆ, ಇರಲಿ, ಎಂದು ದೊಡ್ಡ ಮನಸ್ಸಿನವರು ಹೇಳುತ್ತಾರೆ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ.

ಅವ್ವ ಕಟ್ಟು ಬಿಚ್ಚಿದ ಮೇಲೆ ಮತ್ತೆ ಕೆಲಸಕ್ಕೆ ಹೋದಳು. ಮಾಮನ ಜೀಪುಗಳು ನಮ್ಮ ಮನೆಯ ಮುಂದೆಯೇ ಹೋಗುತ್ತವೆ. ಅವಳು ಕತ್ತಲಲ್ಲೇ ಎದ್ದು ಪಕ್ಕದ ಊರಿನವರೆಗೆ ನಡೆದು, ಬೇರೆಯವರ ಜೀಪು ಹತ್ತುತ್ತಾಳೆ. ದಾರಿಯಲ್ಲಿ ಮಾಮನ ಡ್ರೈವರುಗಳು ಅವಳನ್ನು ಕಂಡರೆ ದೀಪ ತಗ್ಗಿಸಿ ನಿಧಾನ ಮಾಡುತ್ತಾರಂತೆ, ನಿಲ್ಲಿಸುವುದಿಲ್ಲ. ಮಾಮನ ಮಗಳ ನಿಶ್ಚಿತಾರ್ಥಕ್ಕೆ ಊರಿಗೆಲ್ಲ ಕರೆ ಹೋಯಿತು. ನಮಗೆ ಬರಲಿಲ್ಲ. ಅತ್ತೆ ಮಾತ್ರ, ಹಿತ್ತಲ ಬೇಲಿಯ ಮೇಲಿಂದ ಒಂದು ಡಬ್ಬಿಯಲ್ಲಿ ಪಾಯಸ ದಾಟಿಸಿ ಹೋದಳು.

ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿ ಶುರುವಾದ ಹೊತ್ತಿಗೆ ಕಾಲೇಜಿನಲ್ಲಿ ಪದವಿ ಕೊಡುವ ದಿನ ಬಂತು. ಅಪ್ಪನಿಗೆ ತೋಟದಲ್ಲಿ ರಜೆ ಇಲ್ಲ. ಅವ್ವ ಬಂದಳು. ದಿಂಡಿಗಲ್ ಬಸ್ಸು ನಿಲ್ದಾಣದಲ್ಲಿ ಮುಖ ತೊಳೆದು, ಹೂ ಮುಡಿದು, ಬಲಗೈ ಇನ್ನೂ ಪೂರಾ ತಿರುಗದ್ದರಿಂದ ಸೀರೆಯ ಪಿನ್ನು ನನ್ನ ಕೈಲಿ ಹಾಕಿಸಿಕೊಂಡಳು. ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕೂತಳು. ಬಾಡಿಗೆಯ ಕಪ್ಪು ನಿಲುವಂಗಿ ತೊಟ್ಟು ನಾನು ವೇದಿಕೆ ಹತ್ತಿದೆ. ಯಾರೋ ದೊಡ್ಡವರು ನನ್ನ ಮುಖವನ್ನೂ ನೋಡದೆ, ಫೋಟೋದವನ ಕಡೆ ನೋಡಿಕೊಂಡೇ ಪ್ರಮಾಣಪತ್ರ ಕೈಗಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಅದನ್ನು ಅವ್ವನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಅದರ ಒಂದೊಂದೇ ಅಕ್ಷರದ ಮೇಲೆ ಬೆರಳು ಎಳೆದಳು. ಸುತ್ತ ಬೇರೆಯವರ ಅಪ್ಪ ಅಮ್ಮಂದಿರು, ಅಜ್ಜಿಯರು, ಸೋದರಮಾವಂದಿರು ಗುಂಪುಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಪೊಂಗಲ್ಲಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ನಮ್ಮ ಕಡೆ ಹಬ್ಬಕ್ಕೆ ಅಣ್ಣತಮ್ಮಂದಿರು ಕೊಟ್ಟ ಹೆಣ್ಣುಮಗಳ ಮನೆಗೆ ಅಕ್ಕಿ, ಬೆಲ್ಲ, ಕಬ್ಬು, ಒಂದು ಸೀರೆ ಹೊತ್ತು ತರುತ್ತಾರೆ. ಅದಕ್ಕೆ ಸೀರು ಎನ್ನುತ್ತಾರೆ. ಅದು ಬರುವವರೆಗೂ ಹೆಂಗಸಿಗೆ ತವರು ಇದೆ ಎಂದು ಲೆಕ್ಕ, ಮುದುಕಿಯಾದರೂ.

ಅವ್ವ ಪ್ರಮಾಣಪತ್ರವನ್ನು ಮಡಿಕೆ ಬೀಳದಂತೆ ನನ್ನ ಕೈಗೆ ವಾಪಸು ಕೊಟ್ಟು ಹೇಳಿದಳು:

"ಚೆಂದಾಗೈತೆ. ಈ ಹಬ್ಬಕ್ಕೆ ನನಗೆ ಸೀರು ಬರಾಕಿಲ್ಲ ಕಣವ್ವ. ನೀ ಕೆಲಸಕ್ಕೆ ಸೇರಿದ ಮೇಲೆ ಒಂದು ಸೀರೆ ತಕ್ಕೊಂಡು ಬಾ, ಉಟ್ಕೊಳ್ತೀನಿ. ಅದಕ್ಕೆ ಸೀರು ಅಂತ ಮಾತ್ರ ಅನ್ನಬ್ಯಾಡ."